ಗೋಪಮ್ಮನ ಐತವಾರದ ತೋಟ

ರಾಯಚೂರಿನಲ್ಲಿ ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ ನನ್ನದೊಂದು ಸೈಕಲ್ ಶಾಪ್. ಅದರ ಪಕ್ಕದಲ್ಲೇ ತೋಟ. ಈಗ ಬಂದು ನೋಡಿದವರು ಇದು ಮೊದಲಿನಿಂದಲೂ ತೋಟವೇ ಇದ್ದಿರಬೇಕು ಅಂದುಕೊಳ್ಳುತ್ತಾರೆ. ಅಲ್ಲ. ನಾನು ಅಂಗಡಿ ಹಾಕಿದಾಗ ಅಲ್ಲಿ ಇದ್ದದ್ದು ಜಾಲಿಮುಳ್ಳು, ಒಡೆದ ಹೆಂಚು, ಊರಿನ ಹಂದಿಗಳು ಮತ್ತು ಮೂಲೆಯಲ್ಲಿ ಒಂದು ಹಳೇ ಬಾವಿ. ಅದನ್ನು ತೋಟ ಮಾಡಿದವಳು ಗೋಪಮ್ಮ. ಆಕೆಯ ಹೆಸರು ಪೇಪರಿನಲ್ಲಿ ಬಂದಿಲ್ಲ, ಬರುವಂತೆಯೂ ಕಾಣುವುದಿಲ್ಲ. ಅದಕ್ಕೇ ನಾನು ಬರೆಯಲು ಕುಳಿತೆ. ಓದಿದ್ದು ನಾಲ್ಕನೇ ಇಯತ್ತೆ. ತಪ್ಪು ಕಂಡರೆ ತಿದ್ದಿಕೊಂಡು ಓದಿ, ನನಗೆ ಹೇಳಲು ಬರಬೇಡಿ.

ಗೋಪಮ್ಮ ಮಾನ್ವಿಯ ಮಗಳು, ದೇವದುರ್ಗದ ಸೊಸೆ. ಅಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಗಂಡ ರಾಮಲಿಂಗಪ್ಪನೂ ಹಮಾಲಿಯೇ, ರಾಯಚೂರಿನ ಗಂಜಿನಲ್ಲಿ, ಅಂದರೆ ಸಗಟು ಪೇಟೆಯಲ್ಲಿ, ಹತ್ತಿ ಅಂಡಿಗೆ ಹೊರುವವನು. ಎಪ್ಪತ್ತನಾಲ್ಕರಲ್ಲಿ ಇಬ್ಬರೂ ಈ ಊರಿಗೆ ಬಂದರು. ಗೋಪಮ್ಮನಿಗೆ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸ ಸಿಕ್ಕಿತು. ಸಿಕ್ಕದೇ ಇದ್ದದ್ದು ಮಣ್ಣು. ಅವರ ಮನೆ ಅಂದರೆ ಒಂದೇ ಖೋಲಿ. ಬಾಗಿಲು ತೆಗೆದರೆ ಓಣಿ, ಹಿಂದೆ ಮಂದಿಯ ಗೋಡೆ. ಮಾನ್ವಿಯ ಕಾಲುವೆ ದಂಡೆಯಲ್ಲಿ ಬೆಳೆದವಳು ಹಾಗೆ ಇರುವುದು ಹೇಗೆ? ಹೊಸ್ತಿಲಲ್ಲಿ ಡಾಲ್ಡಾ ಡಬ್ಬಿ ಇಟ್ಟು ಕೊತ್ತಂಬರಿ ಹಾಕಿದಳು. ಆಡು ತಿಂದಿತು. ಮತ್ತೆ ಹಾಕಿದಳು. ಮತ್ತೆ ತಿಂದಿತು. ಮೂರನೇ ಸಲ ಆಡಿನ ಮಾಲೀಕನ ಜೊತೆ ಆಕೆ ಮಾಡಿದ ಜಗಳ ಕೇಳಲು ನಾನು ಪಂಕ್ಚರ್ ಹಾಕುವುದನ್ನು ಬಿಟ್ಟು ಹೋಗಿದ್ದೆ.

ಆಮೇಲೆ ಒಂದು ದಿನ ಆಕೆ ಸೀದಾ ಮಿಲ್ಲಿನ ಸಾಹುಕಾರ ವಿರೂಪಣ್ಣನವರ ಗಾದಿಯ ಮುಂದೆ ಹೋಗಿ ನಿಂತಳು. ಆ ಖಾಲಿ ಜಾಗ ಅವರದು.

“ಸಾವ್ಕಾರ್ರ, ಆ ಜಾಲಿ ಎಲ್ಲಾ ಕಡದು ಸ್ವಚ್ಛ ಮಾಡ್ತೀನಿ. ನಾಕು ಪುಂಡಿ ಗಿಡ ಹಾಕ್ಕಂತೀನಿ.”

“ಜಾಲಿ ಕಡದ್ರ ಕಟಿಗಿ ಯಾರದು?” ಅಂದರು ವಿರೂಪಣ್ಣ. ವ್ಯಾಪಾರಸ್ಥರು, ಅದನ್ನು ಕೇಳದೆ ಇರುವುದಿಲ್ಲ.

“ಕಟಿಗಿ ನಿಮ್ಮದು. ಮುಳ್ಳು ನಂದು.”

ವಿರೂಪಣ್ಣ ನಕ್ಕುಬಿಟ್ಟರು. “ಹಾಕ್ಕ ಹೋಗು. ಆದ್ರ ನಾನು ಬ್ಯಾಡ ಅಂದ ದಿನ ಕಿತ್ತು ಬಿಡಬೇಕು ನೋಡು.”

“ಆತ್ರಿ,” ಅಂದಳು. ಆ ಮಾತು ಕೊಟ್ಟದ್ದು ಮುಂದೆ ಆಕೆಗೆ ಎಷ್ಟು ಭಾರವಾಯಿತು ಅನ್ನುವುದನ್ನು ಹೇಳುತ್ತೇನೆ.

ಜಾಲಿ ಕಡಿದು, ನೆಲ ಅಗೆದು, ಪುಂಡಿ ಸೊಪ್ಪು ಮತ್ತು ಬದನೆ ಹಾಕಿದಳು. ಒಂದು ಮುಂಜಾನೆ ಕಳೆ ತೆಗೆಯುತ್ತ ಕುಳಿತಿದ್ದಾಗ ಗೋಡೆಯ ಮೇಲಿಂದ ಒಂದು ಬಕೆಟ್ ಅಕ್ಕಿ ತೊಳೆದ ನೀರು ಆಕೆಯ ತಲೆಯ ಮೇಲೆ ಬಿತ್ತು.

“ಯಾರವ್ವಾ ಅದು? ನನ್ನ ತಲಿ ಏನು ನಿಮ್ಮ ಬಚ್ಚಲೇನು?”

ಗೋಡೆಯ ಆಚೆಯಿಂದ ದರ್ಜಿ ಮನೆಯ ಕುಬ್ರಾ ಬೇಗಂ ಉತ್ತರ ಕೊಟ್ಟರು. “ಅರೇ, ಅಲ್ಲಿ ಯಾರೋ ಕುಂತಾರ ಅಂತ ನನಗೇನು ಮಾಲೂಮ್? ಮದುವಿ ಆಗಿ ಬಂದಾಗಿಂದ ಇಲ್ಲೇ ಚೆಲ್ತೀನಿ. ಜಾಲಿ ಒಂದು ದಿನಾನೂ ಮಾತಾಡಿಲ್ಲ!”

ಇಬ್ಬರೂ ಗೋಡೆಯ ಎರಡೂ ಬದಿಗೆ ನಿಂತು ಗಂಟಲು ಹರಿಯುವ ತನಕ ಬೈದಾಡಿದರು. ನಾನೇ ಎದ್ದು ಹೋಗಿ ಇಬ್ಬರನ್ನೂ ಗದರಿಸಿ ಬಂದೆ. ಹದಿನೈದು ದಿನ ಆಗಿತ್ತೋ ಇಲ್ಲವೋ, ನೋಡುತ್ತೇನೆ, ಗೋಪಮ್ಮ ಗೋಡೆಗೆ ಬಾಯಿ ಹಚ್ಚಿ ಕೂಗುತ್ತಿದ್ದಾಳೆ.

“ಬೇಗಮ್ಮಾ, ನಾಳಿಯಿಂದ ಸ್ವಲ್ಪ ಎಡಕ್ಕ ಚೆಲ್ರಿ. ಈ ಕಡಿ ಬದನಿ ಎಲ್ಲಾ ಎದಿ ಮಟ ಬೆಳದಾವ, ಆ ಕಡೀವು ಸೊರಗ್ಯಾವ.”

ಮರುದಿನ ಕುಬ್ರಾ ಬೇಗಂ ನೀರನ್ನು ಎಡಕ್ಕೆ ಚೆಲ್ಲಿದ್ದಷ್ಟೇ ಅಲ್ಲ, ಒಂದು ಒಡಕು ಮಡಿಕೆಯಲ್ಲಿ ಪುದೀನಾ ಬೇರು ಹಿಡಿದುಕೊಂಡು ಸುತ್ತಿ ಬಂದು ತೋಟದಲ್ಲಿ ನಿಂತರು. ಮುಂದೆ ಎಲ್ಲರೂ ತೋಟದ ಸಂಘ ಎಂದು ಕರೆದದ್ದು ಹುಟ್ಟಿದ್ದು ಆವತ್ತೇ ಎಂದು ನನ್ನ ಲೆಕ್ಕ.

ಆಮೇಲೆ ಒಬ್ಬೊಬ್ಬರಾಗಿ ಓಣಿಯ ಹೆಂಗಸರು ಬರತೊಡಗಿದರು. ಒಬ್ಬಳ ಹಿತ್ತಲಲ್ಲಿ ಟೊಮೇಟೊ ಹೂ ಬಿಟ್ಟು ಉದುರುತ್ತಿತ್ತು, ಇನ್ನೊಬ್ಬಳ ಗುಲಾಬಿಗೆ ಮುಳ್ಳು ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಒಂದು ತುಂಡು ಹಿತ್ತಲು ಇತ್ತು, ಬಾವಿಗಳಲ್ಲಿ ಸವಳು ನೀರಿತ್ತು, ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಗೋಪಮ್ಮನಿಗೆ ಗೊತ್ತಿತ್ತೇ? ಆಕೆಗೂ ಅರ್ಧಂಬರ್ಧ. ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಗಿಂತ ಜೋರಾಗಿ ಹೇಳುತ್ತಿದ್ದಳು. ಬೈದರೆ ಬಳ್ಳಿ ಬೇಗ ಹಬ್ಬುತ್ತದೆ ಎಂದು ಹೇಳಿ ಮೂರು ಮನೆಯಲ್ಲಿ ಹೀರೇಬಳ್ಳಿಗೆ ಬೆಳಿಗ್ಗೆ ಸಂಜೆ ಬೈಸಿದ್ದಳು.

ಕಲಿಸುವವನು ಸಿಕ್ಕಿದ್ದು ಒಂದು ಪಂಕ್ಚರಿನಿಂದ. ತೋಟಗಾರಿಕೆ ಆಫೀಸಿನಲ್ಲಿ ಅಸಿಸ್ಟೆಂಟ್ ಆಗಿದ್ದ ಯಂಕಣ್ಣ, ಗಿಲ್ಲೆಸುಗೂರಿನ ಹುಡುಗ, ಸೈಕಲ್ ತಳ್ಳಿಕೊಂಡು ನನ್ನ ಅಂಗಡಿಗೆ ಬಂದ. ನಾನು ಟ್ಯೂಬ್ ಬಿಚ್ಚುವಷ್ಟರಲ್ಲಿ ಅವನು ತೋಟದೊಳಗೆ ಹೋಗಿ ಮೆಣಸಿನ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ.

“ಅದಕ್ಕ ಯಾರದೋ ದೃಷ್ಟಿ ಹತ್ತೇದ್ರಿ,” ಅಂದಳು ಗೋಪಮ್ಮ. “ಎಲಿ ಎಲ್ಲಾ ಮುದುಡ್ಯಾವ ನೋಡ್ರಿ.”

“ದೃಷ್ಟಿಗೆ ಎರಡೇ ಕಣ್ಣಿರ್ತಾವವ್ವಾ. ಇಲ್ಲಿ ಎಲಿ ಬುಡಕ ನೋಡು, ಎಷ್ಟು ಕಾಲು ಅದಾವ.”

ಆಕೆ ಬಾಗಿ ನೋಡಿದಳು. ಸಣ್ಣ ಸಣ್ಣ ಹುಳ ಹರಿದಾಡುತ್ತಿದ್ದವು. “ಅಯ್ಯ ನನ್ನ ಶಿವನೇ! ಬಾಡಿಗಿ ಕೊಡದ ಇಷ್ಟು ಮಂದಿ ಅದಾರೇನು?” ಅಂದು ಬೇವಿನ ಬೀಜದ ಕಷಾಯ ಮಾಡುವುದನ್ನು ನಿಂತಲ್ಲೇ ಕೇಳಿಕೊಂಡಳು. ಕೇಳಿಕೊಂಡು ಸುಮ್ಮನಾಗಲಿಲ್ಲ. “ಸರ, ಐತವಾರ ಬಂದು ಎಲ್ಲರಿಗೂ ಹೇಳ್ರಿ.”

“ಐತವಾರ ನನಗ ರಜಾ ಅದವ್ವಾ.”

“ಅದಕ್ಕ ಐತವಾರ ಬರ್ರಿ ಅಂತೀನಿ. ಆಫೀಸ್ ಇದ್ದ ದಿನ ನಿಮಗೆಲ್ಲಿ ಪುರುಸೊತ್ತು?”

ಯಂಕಣ್ಣ ನನ್ನ ಮುಖ ನೋಡಿದ. ನಾನು ಪಂಪು ಹೊಡೆಯುತ್ತಾ, “ಒಪ್ಪಿಕೋ ತಮ್ಮಾ, ಇಲ್ಲಂದ್ರ ಸೈಕಲ್ ಬಿಡಂಗಿಲ್ಲ ಆಕಿ,” ಅಂದೆ.

ಹೀಗೆ ಎಪ್ಪತ್ತಾರರ ಮಳೆಗಾಲದಿಂದ ತಿಂಗಳಿಗೊಂದು ಐತವಾರ ಪಾಠ ನಡೆಯತೊಡಗಿತು. ಯಂಕಣ್ಣ ಒಳ್ಳೆಯ ಮಾಸ್ತರ. ಗುಂಡಿ ತೋಡಿ ಕಸದಿಂದ ಗೊಬ್ಬರ ಮಾಡುವುದು, ಬಚ್ಚಲ ನೀರನ್ನು ಮೊದಲು ಬಾಳೆಯ ಬುಡಕ್ಕೆ ಬಿಟ್ಟು ಆಮೇಲೆ ಬೇರೆ ಗಿಡಕ್ಕೆ ತಿರುಗಿಸುವುದು, ಬೇಸಿಗೆಯಲ್ಲಿ ತಳ ತೂತಾದ ಮಡಿಕೆಯನ್ನು ಗಿಡದ ಪಕ್ಕ ಹೂತು ನೀರು ಉಳಿಸುವುದು, ಗುಲಾಬಿಯ ಕೊಂಬೆ ಎಲ್ಲಿ ಕತ್ತರಿಸಬೇಕು ಅನ್ನುವುದು, ಎಲ್ಲವನ್ನೂ ಕೈಯಲ್ಲಿ ಮಾಡಿ ತೋರಿಸುತ್ತಿದ್ದ. ಬಂದವರು ಬರಿಗೈಯಲ್ಲಿ ಬರಬಾರದು, ಬರಿಗೈಯಲ್ಲಿ ಹೋಗಬಾರದು. ಇದು ಗೋಪಮ್ಮ ಮಾಡಿದ ಕಾಯಿದೆ. ಒಂದು ಬೊಗಸೆ ಬೀಜ, ಒಂದು ಟೊಂಗೆ, ಏನೂ ಇಲ್ಲದಿದ್ದರೆ ಒಂದು ಬುಟ್ಟಿ ಸಗಣಿ.

ಒಂದು ಮಾತು ಮುಚ್ಚಿಡುವುದಿಲ್ಲ. ಮೊದಮೊದಲು ಕೆಲವು ಮನೆಯ ಹೆಂಗಸರು ಗೋಪಮ್ಮನ ಕೈಯಿಂದ ಸಸಿ ತೆಗೆದುಕೊಳ್ಳುತ್ತಿರಲಿಲ್ಲ. “ಕೆಳಗಿಡು,” ಅನ್ನುತ್ತಿದ್ದರು. ಯಾಕೆಂದು ಆಕೆಗೂ ಗೊತ್ತು, ನನಗೂ ಗೊತ್ತು. ನನ್ನ ತಲೆ ಕಾದುಹೋಗುತ್ತಿತ್ತು. ಆಕೆ ಕಣ್ಣಲ್ಲೇ ನನ್ನನ್ನು ಸುಮ್ಮನಿರಿಸುತ್ತಿದ್ದಳು. ಒಂದು ಐತವಾರ ಮೆಣಸಿನ ಸಸಿ ಹಂಚುವುದಿತ್ತು. ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಲ್ಲಿ ಜಗಳ ಆಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಗೋಪಮ್ಮ ಸಸಿಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟು, “ಇವೊತ್ತು ಎಲ್ಲರೂ ಕೆಳಗಿಂದ ತಗೋರಿ. ಮೆಣಸಿನ ಗಿಡ ಜಗಳ ಹಚ್ಚತದ. ಬದನಿಗೆ ಆ ಚಾಳಿ ಇಲ್ಲ, ಅದನ್ನ ಕೈಯಾಗ ಕೊಡ್ತೀನಿ,” ಎಂದು ಬದನೆ ಸಸಿ ಹಿಡಿದು ಕೈ ಚಾಚಿ ನಿಂತಳು. ಮೊದಲು ಕುಬ್ರಾ ಬೇಗಂ ತೆಗೆದುಕೊಂಡರು. ಆಮೇಲೆ ಒಬ್ಬರು, ಇನ್ನೊಬ್ಬರು. ವರ್ಷ ತುಂಬುವುದರೊಳಗೆ ನೆಲದ ಮೇಲೆ ಇಡುವುದು ಮೆಣಸಿನ ಸಸಿ ಒಂದೇ ಆಯಿತು, ಅದೂ ಎಲ್ಲರಿಗೂ.

ಸಂಘ ಊರು ದಾಟಿಯೂ ಹೋಯಿತು. ಮಾನ್ವಿಯ ಹಿತ್ತಲುಗಳನ್ನು ನೋಡಿ ಬರಲು ಒಮ್ಮೆ ಎಲ್ಲರೂ ಬಸ್ಸಿನಲ್ಲಿ ಹೋಗಿದ್ದರು. ಗೋಪಮ್ಮನ ತವರಿನಲ್ಲಿ ಊಟ, ಕಾಲುವೆ ದಂಡೆಯಲ್ಲಿ ಪಾಠ. ಆಕೆಯ ತಾಯಿ ಮಗಳ ಉಡಿಗೆ ತಮ್ಮ ಮನೆಯ ಕುಂಬಳದ ಬೀಜ ಹಾಕಿದಳು. ಬರುವಾಗ ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯನ್ನು ಗಿಡಗಳಿಗೆಂದು ಚೀಲದಲ್ಲಿ ತುಂಬಿಕೊಂಡು ಬಸ್ಸಿಗೆ ಹತ್ತಿದರು. ಕಂಡಕ್ಟರ್ ಚೀಲ ಮುಟ್ಟಿ, “ಏನವ್ವಾ ಇದು?” ಅಂದ.

“ಬೂದಿ,” ಅಂದಳು ಗೋಪಮ್ಮ.

ಆತ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದು, ಟೊಪ್ಪಿಗೆ ತೆಗೆದು, ಮೆಲ್ಲಗೆ “ಯಾರದು?” ಎಂದು ಕೇಳಿದ.

“ಅಕ್ಕೀದೋ ಯಪ್ಪಾ, ಅಕ್ಕೀದು!” ರಾಯಚೂರು ಬರುವ ತನಕ ಬಸ್ಸಿನಲ್ಲಿ ಯಾರ ನಗೆಯೂ ನಿಲ್ಲಲಿಲ್ಲವಂತೆ.

ದೇವದುರ್ಗದಲ್ಲಿ ಸಂತೆಯ ದಿನ ಬೇವಿನ ಮರದ ಕೆಳಗೆ ಪಾಠ ಇಟ್ಟಿದ್ದರು. ಗೋಪಮ್ಮ ಗೊಬ್ಬರದ ಗುಂಡಿಯ ವಿಷಯ ಹೇಳುತ್ತಿದ್ದಾಗ ಆಕೆಯ ಅತ್ತೆ ದುರುಗಮ್ಮ ಮುಂದೆಯೇ ಕುಳಿತು ಎಲ್ಲರಿಗೂ ಕೇಳುವಂತೆ ಅಂದಳು:

“ಮನ್ಯಾಗ ಕುಳ್ಳು ತಟ್ಟು ಅಂದ್ರ ಸೊಂಟ ನೋವು ಅಂತಿದ್ಲು. ಈಗ ಮಂದಿಗೆ ಸಗಣಿ ಕಲಸೋದು ಕಲಿಸಾಕ ಬಂದಾಳ!”

“ಹೌದತ್ತಿ, ನಿನ್ನತ್ರ ಕಲ್ತಿದ್ದೆಲ್ಲಾ ಹೇಳಾಕತ್ತೀನಿ. ಬೈಗುಳ ಒಂದು ಬಿಟ್ಟೀನಿ, ಅದನ್ನ ನೀನೇ ಎದ್ದು ಹೇಳು, ನನಗ ನಿನ್ನಷ್ಟು ಬರಂಗಿಲ್ಲ.”

ಮಂದಿ ಬಿದ್ದು ಬಿದ್ದು ನಕ್ಕರು. ಪಾಠ ಮುಗಿದ ಮೇಲೆ ಎಲ್ಲರಿಗಿಂತ ಹೆಚ್ಚು ಬೀಜ ಕಟ್ಟಿಕೊಂಡು ಹೋದವಳು ಆ ಅತ್ತೆಯೇ.

ಎಂಬತ್ತರ ದೀಪಾವಳಿ ಮುಗಿದ ಮೇಲೆ ವಿರೂಪಣ್ಣನವರು ಗೋಪಮ್ಮನನ್ನು ಕರೆಸಿದರು. ಶೇಂಗಾ ಇಡಲು ಗೋದಾಮು ಸಾಲುತ್ತಿಲ್ಲ, ಆ ಜಾಗದಲ್ಲಿ ಕಟ್ಟಬೇಕು ಅಂತ ಮಾಡೀನಿ ಅಂದರು. ಕೊಟ್ಟ ಮಾತು ಇತ್ತು. ಗೋಪಮ್ಮ ಎದುರಾಡಲಿಲ್ಲ. ನನ್ನ ಅಂಗಡಿಗೆ ಬಂದು ಹಲಗೆಯ ಮೇಲೆ ಕುಳಿತಳು.

“ಉಳದವರಿಗೆ ಹಿತ್ತಲ ಅದ ಸ್ವಾಮೇರ,” ಅಂದಳು. “ಅವರು ಕಲ್ತಿದ್ದು ಅವರ ಮನ್ಯಾಗ ಇರ್ತದ. ನನಗ ಇದೊಂದೇ. ಇದು ಹೋತಂದ್ರ ನಾನು ಮತ್ತ ಆ ಡಾಲ್ಡಾ ಡಬ್ಬಿಗೆ ಹೋಗಬೇಕು.”

ನನಗೆ ತಡೆಯಲಾಗಲಿಲ್ಲ. ಎದ್ದು ಮಿಲ್ಲಿಗೆ ಹೋಗಿ ಜಗಳ ಮಾಡುತ್ತೇನೆ ಅಂದೆ. “ನೀವು ಹೋದ್ರ ನಾಳಿಗೇ ಗೋಡಿ ಏಳ್ತದ, ಕುಂದರ್ರಿ,” ಎಂದು ಆಕೆಯೇ ಕೂರಿಸಿದಳು. ಸಂಜೆ ಯಂಕಣ್ಣನನ್ನು ಕರೆದುಕೊಂಡು ತಾನೇ ಮತ್ತೆ ಸಾಹುಕಾರರ ಹತ್ತಿರ ಹೋದಳು. ಯಂಕಣ್ಣ ಒಂದು ಉಪಾಯ ಹೇಳಿದ. ಸಂಕ್ರಾಂತಿ ಕಳೆದ ಐತವಾರ ಸಂಘದಿಂದ ತರಕಾರಿ ಪ್ರದರ್ಶನ ಇಡುತ್ತೇವೆ, ಈ ಒಂದು ಜಾಗದಲ್ಲಿ ಕಲಿತು ಎಷ್ಟು ಮನೆಗಳಲ್ಲಿ ಏನೇನು ಬೆಳೆದಿದ್ದಾರೆ ಎಂದು ತಾವು ಬಂದು ಕಣ್ಣಾರೆ ನೋಡಬೇಕು. ಆಮೇಲೆ ತಮ್ಮ ಇಷ್ಟ.

ವಿರೂಪಣ್ಣ ಕೆಟ್ಟವರಲ್ಲ. ಸ್ವಲ್ಪ ಹೊತ್ತು ವಿಭೂತಿ ತೀಡಿಕೊಂಡು, “ಆತು. ನಾಕು ಮಂದಿ ಹೊಟ್ಟಿಗೆ ಆಗೋದು ಖರೇ ಆದ್ರ ಬಿಡ್ತೀನಿ. ಹೊತ್ತು ಕಳಿಯೋ ಆಟ ಆದ್ರ ಕಟ್ಟಸ್ತೀನಿ,” ಅಂದರು.

ಪ್ರದರ್ಶನದ ದಿನ ನಾನೇ ಹೋಟೆಲಿನವನ ಹತ್ತಿರ ಮೇಜು ಎರವಲು ತಂದೆ. ತೋಟದಲ್ಲೇ ಹಾಕಿ ಬಿಳೀ ಧೋತರ ಹಾಸಿದೆವು. ಯಂಕಣ್ಣ ಮೊದಲನೇ ಬಹುಮಾನಕ್ಕೆಂದು ಒಂದು ಹಿತ್ತಾಳೆ ಕೊಡ ತಿಕ್ಕಿ ಇಟ್ಟಿದ್ದ. ನಿಮ್ಮ ನಿಮ್ಮ ಹಿತ್ತಲಿನ ಚಲೋ ಚಲೋ ಕಾಯಿ ತರ್ರಿ ಎಂದು ಮನೆ ಮನೆಗೆ ಹೇಳಿ ಬಂದಿದ್ದ.

ಹೆಂಗಸರು ಒಬ್ಬೊಬ್ಬರೇ ಬಂದು ಸೆರಗಿನಿಂದ ತೆಗೆದು ಇಟ್ಟರು. ನಾನು ನೋಡಿದೆ. ಹುಳ ಕೊರೆದ ಬದನೆ. ಕುಡುಗೋಲಿನ ಹಾಗೆ ಬಾಗಿದ ಸೌತೆ. ಗೋಲಿಯಷ್ಟು ಟೊಮೇಟೊ. ಬಲಿತು ನಾರಾದ ಬೆಂಡೆ. ಒಬ್ಬಳಂತೂ ಇಲಿ ಅರ್ಧ ತಿಂದ ಗಡ್ಡೆ ತಂದು ಇಟ್ಟು ಒಳ್ಳೇ ಮುಖ ಮಾಡಿಕೊಂಡು ನಿಂತಳು.

“ಇದೇನಿದು?” ಅಂದೆ. ನಿನ್ನೆಯಷ್ಟೇ ಕುಬ್ರಾ ಬೇಗಂ ಅವರ ಚಪ್ಪರದಲ್ಲಿ ನನ್ನ ತೋಳುದ್ದದ ಸೋರೆಕಾಯಿ ತೂಗುವುದನ್ನು ಗೋಡೆ ಮೇಲಿಂದ ನೋಡಿದ್ದೆ. ಮೇಜಿನ ಮೇಲೆ ಅವರು ಇಟ್ಟದ್ದು ಹೆಬ್ಬೆರಳಿನಷ್ಟು. ಕೇಳಬೇಕು ಅನ್ನುವಷ್ಟರಲ್ಲಿ ವಿರೂಪಣ್ಣನವರು ಹೆಗಲ ಮೇಲೆ ಶಲ್ಯ ಹಾಕಿಕೊಂಡು ಒಳಗೆ ಬಂದೇಬಿಟ್ಟರು.

ಅವರು ಮೇಜು ನೋಡಿದರು. ಇನ್ನೊಂದು ಮೇಜು ನೋಡಿದರು. ಮುಖ ಸಣ್ಣದಾಯಿತು. ಪಕ್ಕದ ಬಳ್ಳಿಯಲ್ಲಿ ಒಂದು ಎಳೆ ಹೀರೇಕಾಯಿ ಕಂಡು, “ಅದು ನೋಡು, ಅದು ಬರೊಬ್ಬರಿ…” ಎಂದು ಬೆರಳು ಎತ್ತಿದರು.

“ಹಾಯ್ ಹಾಯ್, ಬೆರಳು ಮಡಚ್ರಿ ಸಾಹುಕಾರ್!” ಎಂದು ಕುಬ್ರಾ ಬೇಗಂ ಕಿರುಚಿದರು. ಎಳೆಕಾಯಿಗೆ ಬೆರಳು ತೋರಿಸಿದರೆ ಕೊಳೆತು ಉದುರುತ್ತದೆ ಅನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಸಾಹುಕಾರರು ಬೆಂಕಿ ಮುಟ್ಟಿದವರ ಹಾಗೆ ಬೆರಳು ಮಡಚಿಕೊಂಡರು. ಅವರೂ ನಂಬುವವರೇ. ಆದರೆ ಮನಸ್ಸು ಕೆಟ್ಟಿತ್ತು.

“ಇಷ್ಟೇ ಏನವ್ವಾ ಗೋಪಮ್ಮ?” ಅಂದರು. “ಇಷ್ಟು ವರ್ಷ ನೀವೆಲ್ಲಾ ತಿಂದದ್ದು ಇದನ್ನೇ ಏನು? ಹಂಗಾದ್ರ ಗೋದಾಮು ಕಟ್ಟಿದ್ರ ಯಾರೂ ಉಪಾಸ ಬೀಳಂಗಿಲ್ಲ ಬಿಡು.”

ಗೋಪಮ್ಮ ಹೆಂಗಸರ ಕಡೆ ತಿರುಗಿದಳು. “ಯಾಕ್ರಬೇ? ಚಲೋವು ಎಲ್ಲಿ ಹೋದ್ವು?”

ಒಬ್ಬಳು ಸೆರಗಿನ ಚುಂಗು ನೋಡಿದಳು, ಇನ್ನೊಬ್ಬಳು ಆಕಾಶ ನೋಡಿದಳು. ನಾನು ಸುಮ್ಮನಿರಲಿಲ್ಲ. “ಕುಬ್ರಾ ಬೇಗಂ, ನಿಮ್ಮ ಸೋರಿಕಾಯಿ ಎಲ್ಲಿ? ನಿನ್ನೆ ನಾನೇ ನೋಡೀನಿ!”

“ಅಯ್ಯೋ, ನೀವು ನೋಡೇಬಿಟ್ರಾ ಶರಣಯ್ಯಭಾಯ್?” ಎಂದು ಅವರು ಎದೆ ಹಿಡಿದುಕೊಂಡರು. “ಸೀರಿ ಸುತ್ತಿ ಮುಚ್ಚೀನಿ. ಇಷ್ಟು ಮಂದಿ ಕಣ್ಣು ಬಿದ್ರ ಬಳ್ಳಿ ಉಳೀತದೇನು? ನನ್ನೊಬ್ಬಾಕಿನ್ನ ಯಾಕ ಕೇಳ್ತೀರಿ? ಗೋಪಮ್ಮನ ಕುಂಬಳಕಾಯಿ ಎಲ್ಲಿ ಅಂತ ಕೇಳ್ರಿ!”

ಎಲ್ಲರೂ ಗೋಪಮ್ಮನನ್ನು ನೋಡಿದರು. ಆಕೆ ಬಾವಿಯ ಕಡೆ ನೋಡಿದಳು. ಬಾವಿ ಪಕ್ಕದಲ್ಲಿ ಗೋಣಿತಟ್ಟು ಹೊದ್ದು ಮಲಗಿದ ಒಂದು ಗುಡ್ಡ. ತಾಯಿ ಉಡಿಗೆ ಹಾಕಿದ ಬೀಜದಿಂದ ಬಂದ ಕಾಯಿ ಅದು. ಬೀಜಕ್ಕೆಂದು ಬಿಟ್ಟಿದ್ದಳು, ಯುಗಾದಿಗೆ ಎಲ್ಲರಿಗೂ ಹಂಚಬೇಕು ಅಂತ. ಕಾಯಿ ಮುಷ್ಟಿಯಷ್ಟಾದ ದಿನದಿಂದ ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟಿದ್ದಳು. ಎಲ್ಲರನ್ನೂ ಗದರಿಸಿದಾಕೆಯೇ ಎಲ್ಲರಿಗಿಂತ ದೊಡ್ಡದನ್ನು ಅಡಗಿಸಿದ್ದಳು.

ಯಂಕಣ್ಣ ತಲೆ ಮೇಲೆ ಕೈ ಹೊತ್ತು ಕುಳಿತ. “ಇಷ್ಟು ವರ್ಷ ಪಾಠ ಹೇಳೀನಲ್ರವ್ವಾ ನಿಮಗ!”

“ನೀವು ಹುಳದ ಪಾಠ ಹೇಳೀರಿ ಸರ,” ಅಂದಳು ಹಿಂದಿನಿಂದ ಒಬ್ಬಾಕೆ. “ಕಣ್ಣಿಂದು ಹೇಳಿಲ್ಲ.”

ಗೋಪಮ್ಮ ಗೋಣಿತಟ್ಟಿನ ಹತ್ತಿರ ಹೋಗಿ ನಿಂತಳು. ಕೈ ಚಾಚಿದಳು, ಹಿಂದೆ ತೆಗೆದಳು. ವಿರೂಪಣ್ಣನವರು ಶಲ್ಯ ಸರಿಮಾಡಿಕೊಂಡು ಹೊರಡುವುದರಲ್ಲಿದ್ದರು.

“ಕೊಳೀತಂದ್ರ ಕೊಳೀಲಿ,” ಅಂದಳು ಗೋಪಮ್ಮ. “ಜಾಗಾನೇ ಇಲ್ಲ ಅಂದಮ್ಯಾಲ ಬೀಜ ಇಟಗೊಂಡು ನೆತ್ತಿ ಮ್ಯಾಲ ಬಿತ್ಲೇನು? ಸಾವ್ಕಾರ್ರ, ನಿಂದರ್ರಿ. ಕಣ್ಣು ತುಂಬ ನೋಡ್ರಿ!” ಎಂದು ಗೋಣಿತಟ್ಟನ್ನು ಎಳೆದು ಬಿಸಾಡಿದಳು.

ಅಂಥ ಕುಂಬಳಕಾಯಿಯನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಎಮ್ಮೆಕರು ಮುದುಡಿ ಮಲಗಿದ ಹಾಗಿತ್ತು, ಅರಿಶಿನ ಬಳಿದ ಹಾಗಿತ್ತು. ಸಾಹುಕಾರರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೆರಳು ಎಲ್ಲಿಯಾದರೂ ಎದ್ದೀತೆಂದು ಒಂದನ್ನೊಂದು ಬಿಗಿಯಾಗಿ ಹಿಡಿದು, “ಯವ್ವಾ ಯವ್ವಾ…” ಅಂದರು.

ಆಮೇಲೆ ನೋಡಬೇಕಿತ್ತು. ಮೊದಲು ಓಡಿದವರು ಕುಬ್ರಾ ಬೇಗಂ. ಅವರ ಹಿಂದೆ ಉಳಿದವರೆಲ್ಲ, ಜಾತ್ರೆಗೆ ತಡವಾದವರಂತೆ. ಸ್ವಲ್ಪ ಹೊತ್ತಿನಲ್ಲಿ ತಲೆ ಮೇಲೆ, ಕಂಕುಳಲ್ಲಿ, ಕೂಸನ್ನು ಎತ್ತಿಕೊಂಡಂತೆ ಎದೆಗೆ ಅವಚಿಕೊಂಡು ತರತೊಡಗಿದರು. ಸೋರೆ, ಪಡವಲ, ನೇರಳೆ ಬಣ್ಣದ ಬದನೆ, ಕೈಯಗಲದ ಅವರೆ, ಪುಂಡಿಯ ಹೊರೆ, ಬುಟ್ಟಿ ತುಂಬ ಟೊಮೇಟೊ, ಗುಲಾಬಿ, ಕಾಕಡ ಮಲ್ಲಿಗೆ. ಇಲಿ ತಿಂದ ಗಡ್ಡೆಯ ಒಡತಿ ಎಮ್ಮೆ ಕೊರಳ ಗಂಟೆಯಂಥ ಮೂಲಂಗಿಗಳನ್ನು ತಂದು, ಗಡ್ಡೆಯನ್ನು ಕಾಲಿನಿಂದ ಮೇಜಿನ ಕೆಳಗೆ ದೂಡಿದಳು. ಮೇಜು ಸಾಲದೆ ನನ್ನ ಅಂಗಡಿಯ ಹಲಗೆ ಕಿತ್ತು ತಂದೆವು.

“ನೋಡಿದ್ದು ಆತಲ್ಲ,” ಅಂದಳು ಗೋಪಮ್ಮ, “ಈಗ ದೃಷ್ಟಿ ತೆಗೀಬೇಕು. ಇಲ್ಲಂದ್ರ ನಾವ್ಯಾರೂ ಇವತ್ತು ನಿದ್ದಿ ಮಾಡಂಗಿಲ್ಲ.”

“ಅರೇ ತಡೀರಿ, ಮೆಣಸಿನಕಾಯಿ ನಂದು!” ಎಂದು ಕುಬ್ರಾ ಬೇಗಂ ಒಣ ಮೆಣಸಿನಕಾಯಿ, ಉಪ್ಪು ತಂದು ನೆಲದ ಮೇಲೆ ಇಟ್ಟರು. ನಾನು ಇದ್ದಿಲ ಒಲೆ ತಂದು ಊದಿದೆ. ಇಬ್ಬರೂ ಕೂಡಿ ಮೇಜುಗಳ ಸುತ್ತ, ಕುಂಬಳಕಾಯಿಯ ಸುತ್ತ, ಕೊನೆಗೆ ನಿಂತಿದ್ದ ಸಾಹುಕಾರರ ಸುತ್ತಲೂ ನಿವಾಳಿಸಿದರು. ನೋಡುಗರಲ್ಲಿ ಅವರೇ ದೊಡ್ಡವರಲ್ಲವೇ!

ವಿರೂಪಣ್ಣನವರಿಗೆ ಹೆದರಿಕೆ ಹತ್ತಿತು. ನಿವಾಳಿಸಿದ ಮೆಣಸಿನಕಾಯಿ ಬೆಂಕಿಗೆ ಹಾಕಿದಾಗ ಘಾಟು ಬಾರದಿದ್ದರೆ ಕೆಟ್ಟ ಕಣ್ಣು ಬಿದ್ದಿದೆ ಎಂದು ಅರ್ಥ. ಎಲ್ಲರೂ ಕೆಮ್ಮುವಂತೆ ಘಾಟು ಬಂದರೆ ಯಾರ ಕಣ್ಣಲ್ಲೂ ದೋಷವಿಲ್ಲ. “ನನ್ನ ಕಣ್ಣು ಒಳ್ಳೇದವ್ವಾ,” ಅಂದರು ಮೆಲ್ಲಗೆ. “ನಾನು ಖುಷೀಲೆ ನೋಡೀನಿ.”

“ಬೆಂಕಿ ಹೇಳ್ತದ ತಡೀರಿ,” ಎಂದು ಗೋಪಮ್ಮ ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು.

ಉಪ್ಪು ಚಟಪಟ ಅಂದಿತು. ಹೊಗೆ ಎದ್ದಿತು. ಘಾಟಿಲ್ಲ. ಎಲ್ಲರೂ ಮೂಗು ಅರಳಿಸಿ ನಿಂತರು. ಸಾಹುಕಾರರು ಒಲೆಯ ಕಡೆ ಬಾಗಿ, ಬೇಕೆಂದೇ ಉದ್ದಕ್ಕೆ ಉಸಿರೆಳೆದರು. ಎಳೆದವರೇ ‘ಖೊಕ್’ ಅಂದರು. ಮತ್ತೊಂದು ‘ಖೊಕ್’. ಆಮೇಲೆ ನನಗೆ, ಯಂಕಣ್ಣನಿಗೆ, ಹೆಂಗಸರಿಗೆ, ಓಣಿಯಲ್ಲಿ ಹೋಗುತ್ತಿದ್ದ ಟಾಂಗಾದವನಿಗೆ, ಟಾಂಗಾದ ಕುದುರೆಗೂ!

“ಘಾಟು ಬಂತು! ಬಂತು!” ಎಂದು ಹೆಂಗಸರು ಕೆಮ್ಮುತ್ತಲೇ ಚಪ್ಪಾಳೆ ತಟ್ಟಿದರು. ಕಣ್ಣು ಮೂಗು ಸೋರುತ್ತಿದ್ದರೂ ವಿರೂಪಣ್ಣನವರಷ್ಟು ಸಂತೋಷಪಟ್ಟವರು ಅಲ್ಲಿ ಯಾರೂ ಇರಲಿಲ್ಲ. “ನಾ… ನಾ ಹೇಳ್ಲಿಲ್ಲೇನು? ಖೊಕ್… ನನ್ನ ಕಣ್ಣು ಒಳ್ಳೇದು!”

ಯಂಕಣ್ಣ ಕಣ್ಣೊರೆಸಿಕೊಂಡು ಮೊದಲನೇ ಬಹುಮಾನ ಕುಬ್ರಾ ಬೇಗಂ ಅವರ ಸೋರೆಕಾಯಿಗೆ ಎಂದು ಸಾರಿದ. ಅವರು ಕೊಡವನ್ನು ಮುಟ್ಟಲೂ ಇಲ್ಲ. “ತೋಬಾ! ಊರ ಕಣ್ಣೆಲ್ಲಾ ನನ್ನ ಬಳ್ಳಿ ಮ್ಯಾಲ ಬೀಳ್ಲಿ ಅಂತೇನು? ಮೂಲಂಗಿಗೆ ಕೊಡ್ರಿ.” ಮೂಲಂಗಿಯವಳು ಬದನೆಯವಳ ಕಡೆ ದೂಡಿದಳು. ಬದನೆಯವಳು ಓಡಿಹೋಗಿ ಬಾವಿಯ ಹಿಂದೆ ನಿಂತಳು. ಕೊನೆಗೆ ಕೊಡ ಯಾರ ಮನೆಗೂ ಹೋಗದೆ ತೋಟದಲ್ಲೇ ಉಳಿಯಿತು.

ಇದನ್ನೆಲ್ಲ ನೋಡಿ ನಕ್ಕು ದಣಿದು ಸಾಹುಕಾರರು ನನ್ನ ಹಲಗೆಯ ಮೇಲೆ ಕುಳಿತರು. ಗೋಪಮ್ಮ ಅವರ ಎದುರಿಗೆ ಬಂದು ನಿಂತಳು.

“ಗೋದಾಮು ಗಂಜಿನ ಕಡೆ ಕಟ್ಟಸ್ತೀನಿ,” ಅಂದರು ಅವರು. “ಲಾರಿಗೂ ಅದೇ ಸಮೀಪ ಆಗ್ತದ. ಇದು ನಿಮಗೇ ಇರ್ಲಿ. ಕಿತ್ತು ಬಿಡಬೇಕು ಅಂದಿದ್ದೆನಲ್ಲ, ಆ ಮಾತು ಇವತ್ತಿಗೆ ಮುಗೀತು.”

ಗೋಪಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೆಣಸಿನ ಘಾಟು ಇನ್ನೂ ಇತ್ತು, ಅದರದೇ ಕಣ್ಣೀರು ಎಂದು ನಾವೆಲ್ಲ ಅಂದುಕೊಂಡೆವು.

“ಆದ್ರ ನನಗೂ ಒಂದು ಮಡಿ ಬೇಕು,” ಅಂದರು ವಿರೂಪಣ್ಣ. “ಮೆಂತ್ಯಪಲ್ಲೆ ಹಾಕಬೇಕು ಅಂತ ಬಾಳ ದಿನದಿಂದ ಆಸಿ ಅದ.”

“ಜಾಗ ನಿಮ್ಮದೇ ಅಲ್ಲೇನ್ರಿ? ನನ್ನ ಯಾಕ ಕೇಳ್ತೀರಿ?”

“ಜಾಗ ನಂದು ಖರೇ. ಬೆಳ್ಯಾಕ ಬರಂಗಿಲ್ಲ.”

“ಹಂಗಾದ್ರ ಐತವಾರ ಬರ್ರಿ. ಬರಿಗೈಲೆ ಬರಬ್ಯಾಡ್ರಿ, ನಮ್ಮಲ್ಲಿ ಕಾಯಿದೆ ಅದ.”

ಮುಂದಿನ ಐತವಾರ ಸಾಹುಕಾರರು ಧೋತರ ಎತ್ತಿ ಕಟ್ಟಿ, ಗೊಬ್ಬರಕ್ಕೆಂದು ಮಿಲ್ಲಿನ ಹಿಂಡಿಯ ಚೀಲವೊಂದನ್ನು ಆಳಿನ ತಲೆ ಮೇಲೆ ಹೊರಿಸಿಕೊಂಡು ಬಂದರು. ಗೋಪಮ್ಮ ಆಳನ್ನು ಬಾಗಿಲಲ್ಲೇ ತಡೆದಳು. ಸಾಹುಕಾರರೇ ಒಳಗೆ ಹೊತ್ತು ತರಬೇಕಾಯಿತು. ಯಂಕಣ್ಣ ಮಡಿ ಹದ ಮಾಡಿಸಿದ. ವಿರೂಪಣ್ಣ ಕುಕ್ಕರುಗಾಲಲ್ಲಿ ಕುಳಿತು, ನಾಲಿಗೆ ತುದಿ ಹೊರಗೆ ಹಾಕಿ, ಬೊಗಸೆಗಟ್ಟಲೆ ಮೆಂತ್ಯವನ್ನು ಒಂದೇ ಕಡೆ ಸುರಿದು ಅಂಗೈಯಿಂದ ಒತ್ತತೊಡಗಿದರು.

ಗೋಪಮ್ಮ ಓಡಿ ಬಂದಳು. “ಸಾವ್ಕಾರ್ರ, ಸಾವ್ಕಾರ್ರ! ಇದು ಗೋದಾಮಲ್ರಿ, ತುರುಕಬ್ಯಾಡ್ರಿ! ಉಸಿರಾಡಾಕ ಜಾಗ ಬಿಡ್ರಿ ಅವಕ್ಕ!”

ಆಕೆಯ ನಗೆ ಮಿಲ್ಲಿನ ತನಕ ಕೇಳಿಸಿತಂತೆ. ಸಾಹುಕಾರರು ಆಚೆ ಈಚೆ ನೋಡಿ, ಹಾಕಿದ ಮೆಂತ್ಯವನ್ನು ಒಂದೊಂದಾಗಿ ಹೆಕ್ಕಿ, ಮತ್ತೆ ಬಿಡಿಬಿಡಿಯಾಗಿ ಬಿತ್ತಲು ಕುಳಿತರು.